ಕಾಡುಮೃಗಗಳ ಹಾವಳಿ ಮತ್ತು ನೆರೆಹೊರೆಯ ಸಹಕಾರ: ಬ್ಲ್ಯಾಕ್‌ಫೂಟ್ ಕಣಿವೆಯ ಪಶುಪಾಲಕರ ಅನುಭವ

2025ರ ಜೂನ್ ತಿಂಗಳಿನಲ್ಲಿ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ, ವಿಷ ಬೆರೆತ ಹಸುವಿನ ಕಳೇಬರವನ್ನು ತಿಂದು ಒಂದು ತಾಯಿ ಹುಲಿ ಹಾಗೂ ಅದರ ನಾಲ್ಕು ಮರಿಗಳು ಮೃತಪಟ್ಟ ಸಂಗತಿಯನ್ನು ಸದಸ್ಯರು ಬಲ್ಲರು. ಕರೆಯುವ ಹಸುವೊಂದು ಮೃಗದ ಪಾಲಾದರೆ ಡೇರಿಗೆ ಹಾಕುವ ಹಾಲು ಅಂದೇ ನಿಲ್ಲುತ್ತದೆ. ಹಸು ಕೊಳ್ಳಲು ಮಾಡಿದ ಸಾಲ ಮಾತ್ರ ನಿಲ್ಲುವುದಿಲ್ಲ. ಆ ಕುಟುಂಬದ ಸಂಕಟ ನಿಜವಾದದ್ದು. ಆದರೆ ವಿಷವಿಡುವುದರಿಂದ ನಷ್ಟ ತುಂಬುವುದಿಲ್ಲ. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನ್ವಯ ಅದು ಗಂಭೀರ ಅಪರಾಧವೂ ಆಗುತ್ತದೆ. ಇದೇ ಇಕ್ಕಟ್ಟಿಗೆ ಸಿಲುಕಿದ್ದ ದೂರದೇಶದ ಪಶುಪಾಲಕರು ಕಂಡುಕೊಂಡ ಮಾರ್ಗವನ್ನು ಇಲ್ಲಿ ವಿವರಿಸಲಾಗಿದೆ.

ಕಣಿವೆಯ ಪರಿಸ್ಥಿತಿ

ಅಮೆರಿಕ ಸಂಯುಕ್ತ ಸಂಸ್ಥಾನದ ಮೊಂಟಾನಾ ರಾಜ್ಯದ ಪಶ್ಚಿಮ ಭಾಗದಲ್ಲಿ ಬ್ಲ್ಯಾಕ್‌ಫೂಟ್ ನದಿಯ ಜಲಾನಯನ ಪ್ರದೇಶವಿದೆ. ಇದರ ವಿಸ್ತೀರ್ಣ ಸುಮಾರು 15 ಲಕ್ಷ ಎಕರೆ. ಕಣಿವೆಯ ತಳಭಾಗದಲ್ಲಿ ಖಾಸಗಿ ಹುಲ್ಲುಗಾವಲುಗಳು, ಮೇಲ್ಭಾಗದಲ್ಲಿ ಸರ್ಕಾರಿ ಅರಣ್ಯ. 1993ರಲ್ಲಿ, ಅಂದರೆ ನಮ್ಮ ರಾಜ್ಯದ ಪಂಚಾಯತ್ ರಾಜ್ ಅಧಿನಿಯಮ ಜಾರಿಗೆ ಬಂದ ವರ್ಷದಲ್ಲಿಯೇ, ಅಲ್ಲಿನ ಭೂಮಾಲೀಕರು ‘ಬ್ಲ್ಯಾಕ್‌ಫೂಟ್ ಚಾಲೆಂಜ್’ ಎಂಬ ಸಂಘವನ್ನು ಕಟ್ಟಿಕೊಂಡರು. ಎಲ್ಲರೂ ಒಪ್ಪುವ ವಿಷಯಗಳನ್ನು ಮೊದಲು ಕೈಗೆತ್ತಿಕೊಂಡು, ಭಿನ್ನಾಭಿಪ್ರಾಯವಿರುವ ವಿಷಯಗಳನ್ನು ಪರಸ್ಪರ ವಿಶ್ವಾಸ ಬೆಳೆದ ನಂತರ ಚರ್ಚಿಸುವುದು ಅವರು ಅನುಸರಿಸಿದ ಕ್ರಮ. ಕಳೆನಾಶ ಅಂತಹ ವಿಷಯ. ಒಬ್ಬನೇ ತನ್ನ ಹೊಲದ ಕಳೆ ಕಿತ್ತರೆ ಪಕ್ಕದ ಹೊಲದ ಬೀಜ ಮತ್ತೆ ಹಾರಿ ಬರುತ್ತದೆ. ಆದ್ದರಿಂದ ನೆರೆಹೊರೆಯವರು ಒಟ್ಟಾಗಿ ಆ ಕೆಲಸ ಮಾಡಬೇಕಾಯಿತು. ಹೀಗೆ ಬೆಳೆದ ಒಡನಾಟವೇ ಮುಂದೆ ಕರಡಿ ಮತ್ತು ತೋಳಗಳ ಸಮಸ್ಯೆಗೂ ನೆರವಾಯಿತು.

ಕೈಗೊಂಡ ಕ್ರಮಗಳು

ಗ್ರಿಜ್ಲಿ ಕರಡಿ ಅಲ್ಲಿ 1975ರಿಂದ ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ. ಕರಡಿಗಳ ಸಂಚಾರ ಹೆಚ್ಚಿದಾಗ ಸಂಘದವರು ಮೊದಲಿಗೆ ಘಟನೆಗಳು ಎಲ್ಲೆಲ್ಲಿ ನಡೆದಿವೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿದರು. ಕರು ಹಾಕುವ ದೊಡ್ಡಿ, ಜೇನುಪೆಟ್ಟಿಗೆ, ಸತ್ತ ದನ ಎಸೆಯುವ ಸ್ಥಳ ಇವೇ ಕರಡಿಯನ್ನು ಸೆಳೆಯುತ್ತಿವೆ ಎಂಬುದು ಆಗ ಸ್ಪಷ್ಟವಾಯಿತು. ಚಳಿಗಾಲದ ನಿದ್ರೆಯಿಂದೆದ್ದ ಹಸಿದ ಕರಡಿ ಹೊರಬರುವುದೂ ಹಸುಗಳು ಕರು ಹಾಕುವುದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. 2003ರಿಂದ ಸತ್ತ ಜಾನುವಾರುಗಳನ್ನು ವಾಹನದಲ್ಲಿ ಸಂಗ್ರಹಿಸಿ ದೂರ ಸಾಗಿಸುವ, ಮುಂದೆ ಅವನ್ನು ನಿಗದಿತ ಸ್ಥಳದಲ್ಲಿ ಕಾಂಪೋಸ್ಟ್ ಮಾಡುವ ವ್ಯವಸ್ಥೆಯಾಯಿತು. ದೊಡ್ಡಿ ಮತ್ತು ಜೇನುಪೆಟ್ಟಿಗೆಗಳ ಸುತ್ತ ವಿದ್ಯುತ್ ಬೇಲಿ ಬಂದಿತು. ತೋಳಗಳು ಹೆಚ್ಚಿದ ಮೇಲೆ, ಮೇಯುವ ಕಾಲದಲ್ಲಿ ಗಸ್ತು ತಿರುಗಿ ಮಾಲೀಕರಿಗೆ ಮುನ್ಸೂಚನೆ ನೀಡುವ ಕಾವಲುಗಾರರನ್ನು ನೇಮಿಸಲಾಯಿತು. ಪರಿಣಾಮವಾಗಿ 2003ರ ನಂತರದ ಒಂದು ದಶಕದಲ್ಲಿ ಮಾನವ–ಗ್ರಿಜ್ಲಿ ಸಂಘರ್ಷದ ಪ್ರಕರಣಗಳು ಗಣನೀಯವಾಗಿ ಇಳಿದವು.

ನಮಗೆ ಅನ್ವಯವಾಗುವ ಅಂಶ

ಆ ಕಣಿವೆಯ ಸಾವಿರಾರು ಎಕರೆಯ ಹಿಡುವಳಿ ಮತ್ತು ನಮ್ಮ ರೈತರ ಎರಡು–ಮೂರು ಹಸುಗಳ ಕೊಟ್ಟಿಗೆ ಒಂದೇ ಅಲ್ಲ. ಅಲ್ಲಿನ ಕ್ರಮಗಳನ್ನು ಹಾಗೆಯೇ ನಕಲು ಮಾಡಲಾಗದು. ಆದರೆ ಮೃಗವನ್ನು ಊರಿಗೆ ಸೆಳೆಯುವುದು ಯಾವುದು ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ಊರಂಚಿನಲ್ಲಿ ಬಿಸಾಡಿದ ಕಳೇಬರ ಮತ್ತು ಮಾಂಸದ ತ್ಯಾಜ್ಯಕ್ಕೆ ನಾಯಿಗಳು ಸೇರುತ್ತವೆ. ನಾಯಿಗಳನ್ನು ಹಿಡಿಯಲು ಚಿರತೆ ಬರುತ್ತದೆ.

ಒಂದು ವ್ಯತ್ಯಾಸವನ್ನು ವಿಶೇಷವಾಗಿ ಗಮನಿಸಬೇಕು. ರೋಗದಿಂದಲೋ ವಯಸ್ಸಿನಿಂದಲೋ ಸತ್ತ ಜಾನುವಾರನ್ನು ತಡಮಾಡದೆ ಆಳವಾಗಿ ಹೂಳಬೇಕು. ಆದರೆ ಮೃಗ ಕೊಂದ ಜಾನುವಾರನ್ನು, ಅರಣ್ಯ ಇಲಾಖೆಯವರು ಸ್ಥಳ ಪರಿಶೀಲಿಸಿ ಮಹಜರು ಮಾಡುವವರೆಗೆ ಕದಲಿಸಬಾರದು. ಕದಲಿಸಿದರೆ ಪರಿಹಾರಧನಕ್ಕೆ ಅಡ್ಡಿಯಾದೀತು. ಈ ಕಾಯುವ ಅವಧಿಯೇ ಅಪಾಯದ ಅವಧಿ. ದುಃಖ ಮತ್ತು ಸಿಟ್ಟು ಹಸಿಯಾಗಿರುವಾಗ, ಕಳೇಬರ ಕಣ್ಣೆದುರೇ ಇರುವಾಗ, ವಿಷದ ಯೋಚನೆ ಮೂಡುವುದು ಆಗಲೇ. ವಾರ್ಡಿನ ಸದಸ್ಯರು ತಕ್ಷಣ ಆ ಮನೆಗೆ ಹೋಗಿ, ವಲಯ ಅರಣ್ಯಾಧಿಕಾರಿಗಳಿಗೆ ಮತ್ತು ಪಶುವೈದ್ಯರಿಗೆ ತಿಳಿಸಿ, ಅರ್ಜಿ ಬರೆಯಲು ನೆರವಾದರೆ ಆ ಅವಧಿ ಕಿರಿದಾಗುತ್ತದೆ. ಮಹಜರಿನ ನಂತರ ಕಳೇಬರದ ವಿಲೇವಾರಿ ಅರಣ್ಯಾಧಿಕಾರಿಗಳ ಸೂಚನೆಯಂತೆ ನಡೆಯತಕ್ಕದ್ದು.

ಗ್ರಾಮಸಭೆಯಲ್ಲಿ ಪರಿಶೀಲಿಸಬಹುದಾದ ವಿಷಯಗಳು

1. ಕಳೆದ ವರ್ಷಗಳ ಘಟನೆಗಳನ್ನು ಗ್ರಾಮದ ನಕ್ಷೆಯಲ್ಲಿ ಗುರುತಿಸಿ, ಪದೇ ಪದೇ ದಾಳಿಯಾಗುವ ಸ್ಥಳಗಳನ್ನು ತಿಳಿಯುವುದು.

2. ಸತ್ತ ಜಾನುವಾರುಗಳನ್ನು ಹೂಳಲು ಜಲಮೂಲಗಳಿಂದ ದೂರವಿರುವ ಸ್ಥಳವನ್ನು ಗೊತ್ತುಪಡಿಸುವುದು.

3. ಚಾವಣಿ ಮತ್ತು ಭದ್ರವಾದ ಬಾಗಿಲಿಲ್ಲದ ಕೊಟ್ಟಿಗೆಗಳ ಪಟ್ಟಿ ಮಾಡಿ, ಲಭ್ಯ ಯೋಜನೆಗಳಲ್ಲಿ ಆದ್ಯತೆ ನೀಡುವುದು.

4. ಗೋಮಾಳದ ಒತ್ತುವರಿ ಮತ್ತು ಕಳೆಯನ್ನು ತಡೆಯುವುದು. ಊರ ಬಳಿ ಮೇವು ಸಿಕ್ಕರೆ ದನಗಳನ್ನು ಕಾಡಿನೊಳಗೆ ಅಟ್ಟುವ ಅಗತ್ಯ ಕಡಿಮೆಯಾಗುತ್ತದೆ.

5. ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸಭೆಗೆ ಕುರಿಗಾಹಿಗಳನ್ನೂ ಹೈನುಗಾರ ಮಹಿಳೆಯರನ್ನೂ ಆಹ್ವಾನಿಸುವುದು.

ಬ್ಲ್ಯಾಕ್‌ಫೂಟ್ ಕಣಿವೆಯಲ್ಲಿ ಕರಡಿಗಳು ಇಂದಿಗೂ ಇವೆ, ದನಗಳೂ ಇವೆ. ಅಲ್ಲಿ ಬದಲಾದದ್ದು ಒಂದೇ: ನಷ್ಟಕ್ಕೊಳಗಾದವನು ಒಬ್ಬಂಟಿಯಾಗಿ ಉಳಿಯಲಿಲ್ಲ. ನಮ್ಮ ಗ್ರಾಮಗಳಲ್ಲಿ ಆ ಜೊತೆಯನ್ನು ಮೊದಲು ನೀಡಬಲ್ಲವರು ಗ್ರಾಮ ಪಂಚಾಯಿತಿ ಸದಸ್ಯರೇ ಆಗಿದ್ದಾರೆ.