ಫ್ಯಾನ್ ಕೆಟ್ಟಿದೆ ಎಂದರೆ ಸಾಲದು

ಕಳೆದ ಬೇಸಗೆಯಲ್ಲಿ ನಮ್ಮ ಮನೆಯ ಸೀಲಿಂಗ್ ಫ್ಯಾನ್ ನಿಂತುಹೋಯಿತು. ಮೋಟಾರನ್ನಷ್ಟೇ ಬಿಚ್ಚಿ, 'ಫ್ಯಾನ್ ಕೆಟ್ಟಿದೆ' ಎಂದು ಅಂಗಡಿಗೆ ಕೊಟ್ಟೆ. ಅವರು ಸುರುಳಿಯನ್ನೇ ಹೊಸದಾಗಿ ಸುತ್ತಿಕೊಟ್ಟು ಹಣ ಪಡೆದರು. ತಂದು ತೂಗುಹಾಕಿದರೆ ಮತ್ತೆ ಅದೇ ಗುಂಯ್ ಸದ್ದು! ಕೆಟ್ಟಿದ್ದುದು ದಂಡದ ಜೊತೆ ಮನೆಯಲ್ಲೇ ಉಳಿದಿದ್ದ ಕೆಪಾಸಿಟರ್. ಫ್ಯಾನ್ ಸದ್ದು ಮಾಡುತ್ತದೆ, ತಿರುಗುವುದಿಲ್ಲ ಎಂದು ಭೌತವಿಜ್ಞಾನ ಬೋಧಿಸುವ ನಾನು ಮೊದಲೇ ಹೇಳಿದ್ದರೆ ಸಾಕಿತ್ತು.

ಸಿಂಗಲ್ ಫೇಸ್ ವಿದ್ಯುತ್ತು ಒಂದೇ ಸುರುಳಿಯಲ್ಲಿ ಹರಿದಾಗ ಉಂಟಾಗುವ ಕಾಂತಕ್ಷೇತ್ರ ಏರಿಳಿಯುತ್ತದೆಯೇ ಹೊರತು ಸುತ್ತುವುದಿಲ್ಲ. ಸುಮಾರು 2.5 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಎರಡನೆಯ ಸುರುಳಿಯ ಪ್ರವಾಹವನ್ನು ಮುಂದಾಗಿಸಿ, ಕ್ಷೇತ್ರ ಸುತ್ತುವಂತೆ ಮಾಡುತ್ತದೆ. ಅದು ಸೋತರೆ ಮೋಟಾರು ಗುಂಯ್‌ಗುಡುತ್ತದೆ. ರೆಕ್ಕೆಯನ್ನು ಒಣ ಮರದ ಕೋಲಿನಿಂದ ಮೆಲ್ಲನೆ ತಳ್ಳಿದರೆ ನಿಧಾನವಾಗಿ ತಿರುಗತೊಡಗಬಹುದು.

ಸ್ವಿಚ್ ಆರಿಸಿ ರೆಕ್ಕೆಯನ್ನು ಕೈಯಿಂದ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಬೇರಿಂಗ್ ಪರೀಕ್ಷಿಸಬೇಕು. ಸಂಜೆ ಮಾತ್ರ ಫ್ಯಾನ್ ನಿಧಾನವೇ? ಆಗ ವೋಲ್ಟೇಜನ್ನು ಶಂಕಿಸಿ. ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೋಲ್ಟೇಜು 230ರಿಂದ 180ಕ್ಕೆ ಇಳಿದರೆ, ಅದೇ ವೇಗದಲ್ಲಿ ಟಾರ್ಕ್ ಸುಮಾರು ಶೇ. 61ಕ್ಕೆ ಕುಸಿಯುತ್ತದೆ. ಸಮಯ ತಿಳಿಸದಿದ್ದರೆ, ಹಗಲಲ್ಲಿ ಬಂದ ಮೆಕ್ಯಾನಿಕ್‌ಗೆ ದೋಷವೇ ಕಾಣಿಸದು.

'ಕೆಪಾಸಿಟರ್ ಹೋಗಿದೆ' ಎಂಬ ನಿಮ್ಮ ತೀರ್ಮಾನಕ್ಕಿಂತ ನೀವು ಕಂಡದ್ದು, ಕೇಳಿದ್ದು ಆತನಿಗೆ ಹೆಚ್ಚು ಉಪಯುಕ್ತ. ಸುಟ್ಟ ವಾಸನೆ ಬಂದಿದ್ದರೆ ಅಥವಾ ಮುಟ್ಟಿದಾಗ ಶಾಕ್ ಹೊಡೆದಿದ್ದರೆ ಯಾವ ಪರೀಕ್ಷೆಯೂ ಬೇಡ. ಮೈನ್ ಸ್ವಿಚ್ ಆರಿಸಿ. ಆತನಿಗೆ ಮೊದಲು ಅದನ್ನೇ ತಿಳಿಸಿ.