ಮೇಜಿನಿಂದ ಮೇಲಕ್ಕೆ

ಮದುವೆ ಕೇಕಿಗೆ ಆರ್ಡರ್ ಕೊಡಲು ಹೋದವರ ಮಾತು ಸಾಮಾನ್ಯವಾಗಿ ತುದಿಯಿಂದ ಶುರುವಾಗುತ್ತದೆ. ಮೇಲೆ ಗಂಡು-ಹೆಣ್ಣಿನ ಗೊಂಬೆ ಇಡಿಸೋಣವೇ, ಹೆಸರು ಕೊರೆದ ಅಕ್ರಿಲಿಕ್ ಸಾಕೇ, ಗುಲಾಬಿ ಎಷ್ಟಿರಲಿ? ಪಳಗಿದ ಕೇಕ್ ತಯಾರಕರು ಕೇಳುವ ಪ್ರಶ್ನೆಗಳೇ ಬೇರೆ. ಛತ್ರದವರು ಯಾವ ಮೇಜು ಕೊಡುತ್ತಾರೆ? ಎ.ಸಿ. ಇದೆಯೇ, ಬರೀ ಫ್ಯಾನೇ? ಎರಡನೇ ಮಹಡಿಯಾದರೆ ಲಿಫ್ಟ್ ಉಂಟೇ? ವಿಡಿಯೊದವರ ಲೈಟು ಎಲ್ಲಿ ನಿಲ್ಲುತ್ತದೆ? ಈ ಕಸುಬಿನಲ್ಲಿ ಎಲ್ಲವನ್ನೂ ಕೆಳಗಿನಿಂದ ಮೇಲಕ್ಕೆ ಯೋಚಿಸಬೇಕು. ಗೊಂಬೆಯ ಸರದಿ ಕಟ್ಟಕಡೆಯದು.

ಮಂಗಳೂರಿನ ಕ್ಯಾಥೊಲಿಕ್ ಮದುವೆಗಳಲ್ಲಿ ಕೇಕು ಕತ್ತರಿಸಿ ಟೋಸ್ಟ್ ಎತ್ತುವುದು ಹಳೆಯ ರೂಢಿ. ಈಗ ಬೆಂಗಳೂರಿನ ಎಷ್ಟೋ ಆರತಕ್ಷತೆಗಳಲ್ಲಿ ಜಾತಿ-ಧರ್ಮದ ಹಂಗಿಲ್ಲದೆ ಅಂತಸ್ತಿನ ಕೇಕು ವೇದಿಕೆಗೆ ಬಂದು ನಿಲ್ಲುತ್ತಿದೆ. ಅದರೊಡನೆ ಬರುವ ಬೋರ್ಡು, ಸ್ಟ್ಯಾಂಡು, ಕಂಬ, ರಿಬ್ಬನ್ನು, ಟಾಪರ್, ಚಾಕು ಎಲ್ಲವೂ ನೋಡುವವರಿಗೆ ಅಲಂಕಾರ. ಆದರೆ ಅವುಗಳಲ್ಲಿ ಅರ್ಧಕ್ಕರ್ಧ ಇರುವುದು ಭಾರ ಹೊರುವುದಕ್ಕೆ.

ಮೊದಲು ಮೇಜು. ಡೆಕೋರೇಷನ್‌ನವರು ತರುವ ಮಡಚುವ ಮೇಜು ಮಕ್ಕಳು ಓಡಿಬಂದು ತಾಗಿದರೆ ನಡುಗುತ್ತದೆ. ಗಟ್ಟಿ ದುಂಡು ಮೇಜನ್ನೇ ಕೇಳಿ ಪಡೆಯಬೇಕು, ಅದನ್ನು ಗೋಡೆಯ ಬದಿಗೆ, ಓಡಾಟದಿಂದ ದೂರ ಇಡಿಸಬೇಕು. ಮೇಲುಹೊದಿಕೆ ನೆಲ ಮುಟ್ಟುವಷ್ಟು ಉದ್ದವಿದ್ದರೆ ಖಾಲಿ ಡಬ್ಬ, ಹೆಚ್ಚುವರಿ ತಟ್ಟೆಗಳು ಅಡಿಯಲ್ಲಿ ಅಡಗುತ್ತವೆ. ಸ್ಯಾಟಿನ್ ಬಟ್ಟೆ ಜಾರುತ್ತದೆ. ಸ್ಟ್ಯಾಂಡಿನ ಕೆಳಗೆ ರಬ್ಬರ್ ಮ್ಯಾಟಿನ ತುಂಡು ಹಾಕುವುದು ಜಾಣತನ. ಬಿಳಿ ಕೇಕಿಗೆ ಬಿಳಿ ಬಟ್ಟೆ ಹಾಸಿದರೆ ಫೋಟೊದಲ್ಲಿ ಎರಡೂ ಕಾಣುವುದಿಲ್ಲ.

ನಂತರ ಬೋರ್ಡು. ಅಡಿಯ ದಪ್ಪ ಬೋರ್ಡು ಕೇಕಿಗಿಂತ ಎರಡು-ಮೂರು ಇಂಚು ಅಗಲವಿರಬೇಕು. ಅದರ ಅಂಚು ಕಾಣದಂತೆ ಸುತ್ತುವ ರಿಬ್ಬನ್ನು ಚಿಕ್ಕಪೇಟೆಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಅಷ್ಟನ್ನು ಮರೆತರೆ ಸಾವಿರಾರು ರೂಪಾಯಿಯ ಕೆಲಸ ಅರ್ಧಕ್ಕೆ ನಿಂತಂತೆ ಕಾಣುತ್ತದೆ. ನಿಜವಾದ ಇಂಜಿನಿಯರಿಂಗ್ ಇರುವುದು ಒಳಗೆ. ಕೆಳಗಿನ ಸ್ಪಾಂಜು ಮೇಲಿನದರ ಭಾರ ತಡೆಯದು. ಆದ್ದರಿಂದ ಪ್ರತಿ ಅಂತಸ್ತಿನೊಳಗೆ ಐದಾರು ಕಡ್ಡಿಗಳನ್ನು ಊರಿ, ಕೇಕಿನ ಮಟ್ಟಕ್ಕೆ ಸರಿಯಾಗಿ ಕತ್ತರಿಸಿ, ಅವುಗಳ ಮೇಲೆ ಮುಂದಿನ ಅಂತಸ್ತಿನ ತೆಳು ಬೋರ್ಡು ಕೂರಿಸುತ್ತಾರೆ. ಹಾಗಾಗಿ ಮೇಲಿನ ಕೇಕು ಕೆಳಗಿನದರ ಮೇಲೆ ಕೂತೇ ಇರುವುದಿಲ್ಲ, ಕಡ್ಡಿಗಳ ಮೇಲೆ ನಿಂತಿರುತ್ತದೆ. ಒಂದು ಕಡ್ಡಿ ಗಿಡ್ಡವಾದರೂ ಇಡೀ ಗೋಪುರ ವಾಲುತ್ತದೆ.

ಈ ವಿದ್ಯೆ ಬೆಳೆದದ್ದು ಬ್ರಿಟಿಷ್ ರಾಜಮನೆತನದ ಮದುವೆಗಳಲ್ಲಿ. 1840ರ ಫೆಬ್ರವರಿ 10ರಂದು ವಿಕ್ಟೋರಿಯಾ ರಾಣಿಯ ಮದುವೆಗೆ ಮಾಡಿದ ಕೇಕು ಸುಮಾರು 300 ಪೌಂಡು ತೂಗುತ್ತಿತ್ತು, ಸುತ್ತಳತೆ ಒಂಬತ್ತು ಅಡಿ; ಎತ್ತರ ಮಾತ್ರ 14 ಇಂಚು! ವೈಭವವೆಲ್ಲ ಅದರ ಮೇಲಿನ ಗೊಂಬೆಗಳಲ್ಲಿತ್ತು. ಪ್ರಾಚೀನ ರೋಮಿನ ಉಡುಗೆಯ ವಧೂವರರನ್ನು ಬ್ರಿಟಾನಿಯಾ ದೇವಿ ಹರಸುತ್ತಿದ್ದಳು. ವರನ ಪಾದದ ಬಳಿ ನಿಷ್ಠೆಯ ಗುರುತಾಗಿ ನಾಯಿ, ರಾಣಿಯ ಪಾದದ ಬಳಿ ಜೋಡಿ ಪಾರಿವಾಳ, ಪುಸ್ತಕದಲ್ಲಿ ಮದುವೆಯ ತಾರೀಖು ಬರೆಯುತ್ತಿರುವ ಪುಟ್ಟ ಮನ್ಮಥ. ಇಂದು ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಜೋಡಿಗೊಂಬೆ ಅದೇ ವಂಶದ್ದು. 1858ರಲ್ಲಿ ರಾಣಿಯ ಹಿರಿಮಗಳ ಮದುವೆಯ ಹೊತ್ತಿಗೆ ಕೇಕು ಎತ್ತರಕ್ಕೆ ಏರಿತ್ತು, ಆದರೆ ಅದರಲ್ಲಿ ಬುಡ ಮಾತ್ರ ಕೇಕು, ಮೇಲಿನದೆಲ್ಲ ಸಕ್ಕರೆಯ ಕಟ್ಟಡ. ಎಲ್ಲ ಅಂತಸ್ತೂ ತಿನ್ನುವ ಕೇಕೇ ಆದದ್ದು 1882ರಲ್ಲಿ, ರಾಜಕುಮಾರ ಲಿಯೋಪೋಲ್ಡ್‌ನ ಮದುವೆಯಲ್ಲಿ ಎನ್ನುತ್ತಾರೆ.

ನಮ್ಮ ಆರತಕ್ಷತೆಯ ಐದಂತಸ್ತಿನಲ್ಲಿ ನಾಲ್ಕು ಥರ್ಮಕೋಲ್ ಎಂದು ಗೊತ್ತಾದಾಗ ಮೂಗು ಮುರಿಯುವವರಿದ್ದಾರೆ. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಎರಡನೇ ಮಹಾಯುದ್ಧದ ಕಾಲ, 1940ರಲ್ಲಿ, ಬ್ರಿಟನ್ನಿನಲ್ಲಿ ಕೇಕಿನ ಮೇಲೆ ಸಕ್ಕರೆಯ ಐಸಿಂಗ್ ಹಾಕುವುದನ್ನೇ ನಿಷೇಧಿಸಿದರು. ಆಗ ಬೇಕರಿಗಳು ರಟ್ಟು, ಪ್ಲಾಸ್ಟರಿನ ಸುಂದರ ಗೋಪುರಗಳನ್ನು ಬಾಡಿಗೆಗೆ ಕೊಡುತ್ತಿದ್ದವು. ಒಳಗೆ ಅಡಗಿರುತ್ತಿದ್ದುದು ಒಂದು ಬಡಪಾಯಿ ಕೇಕು. ಯುದ್ಧ ಮುಗಿದರೂ ರೇಷನ್ ಇತ್ತು. 1947ರಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆಗೆ ಮೆಕ್‌ವಿಟಿ ಅಂಡ್ ಪ್ರೈಸ್ ಮಾಡಿದ ಒಂಬತ್ತು ಅಡಿಯ ಕೇಕಿಗೆ ದೂರದ ಆಸ್ಟ್ರೇಲಿಯಾದ ಗರ್ಲ್ ಗೈಡ್‌ಗಳು ಸಾಮಗ್ರಿ ಕಳಿಸಿದ್ದರು. ಥರ್ಮಕೋಲ್ ಅಂತಸ್ತಿಗೂ ಐಸಿಂಗ್, ಕೈಕೆಲಸ ಅಷ್ಟೇ ಬೇಕು. ಆದ್ದರಿಂದ ಬೆಲೆ ಅರ್ಧವಾಗುತ್ತದೆಂದು ಎಣಿಸಬೇಡಿ. ಅತಿಥಿಗಳಿಗೆ ಹಂಚಲು ಅಡುಗೆಮನೆಯಲ್ಲಿ ಸಾದಾ ಚೌಕದ ಕೇಕುಗಳನ್ನು ಬೇರೆಯಾಗಿ ಮಾಡಿಸಿಟ್ಟುಕೊಳ್ಳುವುದು ಲಾಭ. ಯಾವ ಅಂತಸ್ತು ನಿಜವಾದದ್ದು ಎಂಬುದನ್ನು ಮಾತ್ರ ಮದುಮಕ್ಕಳಿಗೆ ಮೊದಲೇ ಹೇಳಿಡಬೇಕು.

ಹೊದಿಕೆಯನ್ನು ನಿರ್ಧರಿಸುವುದು ಹವೆ. ಬೆಣ್ಣೆ ಕ್ರೀಮು ಮೇ ತಿಂಗಳ ಮಂಗಳೂರಿನಲ್ಲಿ ಗಂಟೆಯೊಳಗೆ ಸೋಲುತ್ತದೆ. ಫಾಂಡೆಂಟ್ ಸೆಕೆ ತಡೆಯುತ್ತದೆ, ಆದರೆ ಕರಾವಳಿಯ ತೇವಕ್ಕೆ ಬೆವರಿ ಅಂಟಂಟಾಗುತ್ತದೆ. ಫ್ರಿಜ್ಜಿನಿಂದ ನೇರವಾಗಿ ತಂದಿಟ್ಟರಂತೂ ಹನಿ ಹನಿ. ಕೆಲವು ಫಾಂಡೆಂಟ್‌ಗಳಲ್ಲಿ ಜೆಲಾಟಿನ್ ಇರುತ್ತದೆ. ‘ಎಗ್‌ಲೆಸ್’ ಎಂದು ಕೇಳಿ ನೆಮ್ಮದಿಯಾಗಿರುವ ಸಸ್ಯಾಹಾರಿ ಮನೆಯವರು ಇದನ್ನೂ ಕೇಳುವುದು ಒಳ್ಳೆಯದು. ಮಿನುಗುಪುಡಿಯ ಡಬ್ಬಿಯ ಮೇಲೆ ‘ನಾನ್-ಟಾಕ್ಸಿಕ್’ ಎಂದಿದ್ದರೆ ವಿಷವಲ್ಲ ಅಂತಷ್ಟೇ ಅರ್ಥ, ಅದು ತಿನಿಸಲ್ಲ.

ಹೂವಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮಂಟಪಕ್ಕೆ ತಂದ ಹೂವಿನಲ್ಲಿ ಉಳಿದದ್ದನ್ನು ಡೆಕೋರೇಷನ್ ಹುಡುಗರು ಕೇಕಿಗೆ ಸಿಕ್ಕಿಸಿಬಿಡುತ್ತಾರೆ. ಅವು ಔಷಧಿ ಸಿಂಪಡಿಸಿದ ಹೂವು. ಕಣಗಿಲೆಯಂಥವು ಹುಟ್ಟಾ ವಿಷ. ಸಿಂಪಡಣೆಯಿಲ್ಲದ ಗುಲಾಬಿಯಾದರೂ ತೊಟ್ಟನ್ನು, ತಂತಿಯನ್ನು ನೇರವಾಗಿ ಕೇಕಿಗೆ ಚುಚ್ಚದೆ ಪುಟ್ಟ ಪ್ಲಾಸ್ಟಿಕ್ ಕೊಳವೆಯಲ್ಲಿಟ್ಟು ಊರಬೇಕು. ನನ್ನ ಮನಸ್ಸಿಗೆ ಒಪ್ಪುವುದು ಇನ್ನೂ ಸರಳವಾದದ್ದು: ಬೋರ್ಡಿನ ಸುತ್ತ, ಕೇಕಿಗೆ ತಾಗದಂತೆ, ಬಾಳೆನಾರಿನಲ್ಲಿ ಕಟ್ಟಿದ ಶಂಕರಪುರ ಮಲ್ಲಿಗೆಯ ಒಂದು ಸುತ್ತು. ಮದುಮಗಳ ಮುಡಿಗೂ ಮೇಜಿಗೂ ನಂಟು ತಾನಾಗಿ ಬೀಳುತ್ತದೆ. ಮಲ್ಲಿಗೆಯ ಘಮ ವೆನಿಲಾವನ್ನು ನುಂಗುತ್ತದೆ ಎಂದು ಆಕ್ಷೇಪಿಸುವವರೂ ಇದ್ದಾರೆ, ಇರಲಿ.

ಇಷ್ಟಾದ ಮೇಲೆ ಟಾಪರ್. ಆರಿಂಚಿನ ತುದಿಗೆ ಐದಿಂಚಿಗಿಂತ ಅಗಲದ್ದು ಬೇಡ. ಹೆಸರನ್ನು ಕನ್ನಡದಲ್ಲೇ ಕೊರೆಸಬೇಕೆಂಬ ಆಸೆ ಈಚೆಗೆ ಹೆಚ್ಚುತ್ತಿದೆ, ಸಂತೋಷ. ಆದರೆ ಲೇಸರ್ ಯಂತ್ರಕ್ಕೆ ಎಲ್ಲ ಅಕ್ಷರಗಳೂ ಒಂದಕ್ಕೊಂದು ಕೂಡಿರಬೇಕು. ನಮ್ಮ ಒತ್ತಕ್ಷರಗಳು ಬಿಡಿಯಾಗಿ ಕೆಳಗೆ ನಿಲ್ಲುತ್ತವೆ. ‘ಪ್ರಸನ್ನ’ ಎಂದು ಹಾಗೇ ಕಳಿಸಿದರೆ ರಕಾರ, ನಕಾರದ ಒತ್ತುಗಳು ಉದುರಿಹೋಗಿ ಬೇರೆಯೇ ಹೆಸರು ಬರುತ್ತದೆ. ಒತ್ತು ಮೇಲಿನ ಅಕ್ಷರಕ್ಕೆ ತಾಗುವಂತೆ ಚಿತ್ರ ತಿದ್ದಿಸಬೇಕು, ಇಲ್ಲವೇ ಹಿಂದೆ ಪಾರದರ್ಶಕ ದುಂಡು ಹಾಳೆ ಇಟ್ಟು ಅಂಟಿಸಬೇಕು. ವಾಟ್ಸಾಪಿನಲ್ಲಿ ಬಂದ ನಮೂನೆಯನ್ನು ಮನೆಯ ಹಿರಿಯರೊಬ್ಬರಿಗೆ ತೋರಿಸಿ ಓದಿಸಿ.

ಚಾಕು ಉದ್ದವಿರಲಿ, ರಿಬ್ಬನ್ ಕಟ್ಟುವುದಾದರೆ ಹಿಡಿಗೆ ಮಾತ್ರ. 1947ರ ಆ ರಾಜಮದುವೆಯಲ್ಲಿ ವರ ಫಿಲಿಪ್‌ನ ಖಡ್ಗದಲ್ಲೇ ಕೇಕು ಕತ್ತರಿಸಿದ್ದರು. ನಮಗೆ ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕು ಸಾಕು. ಸ್ಟ್ಯಾಂಡು, ಕಂಬ, ಥರ್ಮಕೋಲ್ ಎಲ್ಲ ಬೇಕರಿಯ ಸೊತ್ತು, ಅವಕ್ಕೆ ಡಿಪಾಸಿಟ್ ಕಟ್ಟಿಸಿಕೊಳ್ಳುವುದುಂಟು. ಛತ್ರ ಬಿಡುವ ಗಡಿಬಿಡಿಯಲ್ಲಿ ಅವು ಡೆಕೋರೇಷನ್‌ನವರ ಲಾರಿ ಹತ್ತಿಬಿಡುತ್ತವೆ. ಹಿಂದಿರುಗಿಸುವ ಕೆಲಸವನ್ನು ಮದುಮಗನಿಗಲ್ಲ, ಮರುದಿನ ಊರಿನಲ್ಲೇ ಇರುವ ಸೋದರಮಾವನಿಗೆ ವಹಿಸಿ, ಸಾಮಾನಿನ ಪಟ್ಟಿಯನ್ನು ಹಿಂದಿನ ದಿನವೇ ಅವರ ಕೈಗೆ ಕೊಡಿ.