ಮಳೆಯೂರಿಗೆ ಬಂದ ಮರುಭೂಮಿಯ ಓತಿ

ಬಿಯರ್ಡೆಡ್ ಡ್ರ್ಯಾಗನ್ ಎಂಬ ಹೆಸರು ಕೇಳಿದರೆ ಹೆದರಿಕೆಯಾಗಬಹುದು. ಎದುರಿಗೆ ನೋಡಿದರೆ ಅದು ನಮ್ಮ ಬೇಲಿಯ ಓತಿಕ್ಯಾತನ ದೊಡ್ಡಣ್ಣನ ಹಾಗಿದೆ. ಬಾಲವೂ ಸೇರಿ ಸುಮಾರು 2 ಅಡಿಯವರೆಗೆ ಬೆಳೆಯುತ್ತದೆ. ಗಂಟಲ ಕೆಳಗಿನ ಮುಳ್ಳುಚರ್ಮ ಹೆದರಿದಾಗಲೂ ಮೈಗೆ ಹುಷಾರಿಲ್ಲದಾಗಲೂ ಕಪ್ಪಾಗುತ್ತದೆ. ಇದರ ಮೂಲ ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲು. ಆ ದೇಶ ತನ್ನ ಕಾಡುಜೀವಿಗಳನ್ನು ವ್ಯಾಪಾರಕ್ಕೆ ಹೊರಗೆ ಬಿಡುವುದಿಲ್ಲ. ಬೇರೆ ಕಡೆ ಸಾಕುವವರಲ್ಲಿ ಇರುವವು ಪಂಜರದಲ್ಲೇ ಹುಟ್ಟಿದ ಸಂತತಿ. ಎಲ್ಲಿ ಹುಟ್ಟಿದರೂ ಮೈಗೆ ಬೇಕಾದದ್ದು ಆ ಬಯಲಿನ ಬಿಸಿಲೇ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಜೂನ್ ಬಂತೆಂದರೆ ಅದು ಎಲ್ಲಿ ಸಿಗಬೇಕು?

ನನ್ನ ತಮ್ಮನ ಮಗಳು ಮಣಿಪಾಲದಲ್ಲಿ ಓದುತ್ತಾಳೆ. ಓದು ಮುಗಿಸಿ ಊರಿಗೆ ಹೊರಟವರೊಬ್ಬರು ಬಿಟ್ಟುಹೋದ ಪ್ರಾಣಿಯನ್ನು ತಾನು ಇಟ್ಟುಕೊಂಡು, ಮೈಬಣ್ಣ ನೋಡಿ ಕಂಚು ಎಂದು ಹೆಸರಿಟ್ಟಳು. ಮಳೆ ಹಿಡಿದ ಮೇಲೆ ಅದು ತಿನ್ನುವುದನ್ನು ಬಿಟ್ಟಿತು. "ಅತ್ತೆ, ಇದರ ಕೈ ನಡುಗುತ್ತದೆ, ಹೊಟ್ಟೆ ಎತ್ತಿ ನಡೆಯಲಿಕ್ಕೇ ಆಗುವುದಿಲ್ಲ" ಎನ್ನುತ್ತಾ ಕಾಪುವಿನ ನಮ್ಮ ಮನೆಗೆ ತಂದಳು.

ಮಣಿಪಾಲದಲ್ಲಿ ಮನುಷ್ಯರಿಗೆ 1953ರಿಂದ ಮೆಡಿಕಲ್ ಕಾಲೇಜೇ ಇದೆ. ನಮ್ಮ ಕಡೆಯ ಪಶು ಆಸ್ಪತ್ರೆಗಳು ಮಾತ್ರ ಬೆಳೆದದ್ದು ದನ, ಎಮ್ಮೆ, ನಾಯಿಗಳ ಸುತ್ತ. ಕಾರ್ಕಳದಲ್ಲಿ ದನಗಳಿಗೆ ಮದ್ದು ಮಾಡುವ ಪರಿಚಯದ ಡಾಕ್ಟರಲ್ಲಿಗೆ ಹೋದೆವು. "ಇಂಥದ್ದನ್ನು ನಾನು ಮುಟ್ಟಿದವನಲ್ಲ. ಆದರೆ ಕ್ಯಾಲ್ಸಿಯಂ ಇಳಿದಾಗ ಬರುವ ನಡುಕ ಗೊತ್ತು" ಎಂದರು. ಕರು ಹಾಕಿದ ದನ ಹಾಲುಜ್ವರ ಬಂದು ಏಳಲಾರದೆ ಬೀಳುವುದೂ ರಕ್ತದ ಕ್ಯಾಲ್ಸಿಯಂ ಇಳಿದೇ. ಅವರು ಬೆಂಗಳೂರಿನಲ್ಲಿ ಹಾವು, ಆಮೆಗಳನ್ನು ನೋಡುವ ತಮ್ಮ ಸಹಪಾಠಿಗೆ ಫೋನು ಹಚ್ಚಿ, ಎಕ್ಸ್‌ರೇ ತೆಗೆಸಿದರು. ಬೆಳ್ಳಗೆ ಕಾಣಬೇಕಾದ ಎಲುಬು ಮಾಂಸದಷ್ಟೇ ಮಸುಕಾಗಿತ್ತು. ತನಗೆ ಗೊತ್ತಿಲ್ಲದ್ದನ್ನು ಗೊತ್ತಿದ್ದವರಲ್ಲಿ ಕೇಳುವ ಡಾಕ್ಟರು ಸಿಕ್ಕಿದ್ದೇ ಕಂಚುವಿನ ಪುಣ್ಯ.

ಕಾಯಿಲೆಯ ಹೆಸರು ಮೆಟಬಾಲಿಕ್ ಬೋನ್ ಡಿಸೀಸ್. ಬಿಸಿಲಿನಲ್ಲಿರುವ ಯುವಿಬಿ ಎಂಬ ಕಿರಣ ಚರ್ಮಕ್ಕೆ ಬಿದ್ದರೆ ಡಿ3 ಜೀವಸತ್ವ ತಯಾರಾಗುತ್ತದೆ. ಡಿ3 ಸಾಲದಿದ್ದರೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಹೃದಯಕ್ಕೂ ಸ್ನಾಯುಗಳಿಗೂ ಅದು ಬೇಕೇ ಬೇಕಾದ್ದರಿಂದ ದೇಹ ತನ್ನದೇ ಎಲುಬಿನಿಂದ ತೆಗೆಯತೊಡಗುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ಬಾಗುತ್ತದೆ, ಅದೂ ಸಾಲದಾದಾಗ ನಡುಕ ಬರುತ್ತದೆ. ಕಿಟಕಿಯ ಗಾಜು ಯುವಿಬಿಯನ್ನು ತಡೆಯುತ್ತದೆ, ತಾರಸಿಗೆ ಹಾಕುವ ಪಾಲಿಕಾರ್ಬೊನೇಟ್ ಶೀಟೂ ತಡೆಯುತ್ತದೆ. ಬಿಸಿ ಕೊಡುವ ಸಾದಾ ಬಲ್ಬಿನಲ್ಲಿ ಆ ಕಿರಣವೇ ಇಲ್ಲ. ಇದಕ್ಕೆಂದೇ ಬರುವ ಟ್ಯೂಬ್ ಬೇರೆ; ಅದು ನೋಡಲು ಉರಿಯುತ್ತಿದ್ದರೂ ವರ್ಷದೊಳಗೆ ಶಕ್ತಿ ಕುಂದುತ್ತದೆ, ಬದಲಿಸಲೇಬೇಕು.

ಆರೈಕೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ದೊಡ್ಡ ವಿಷಯ. ಕಾಯಿಲೆಯವರಿಗೆ ಮೊದಲು ಏನಾದರೂ ತಿನ್ನಿಸಬೇಕು ಎಂದು ನಮ್ಮ ಮನಸ್ಸು ಹೇಳುತ್ತದೆ. ಓತಿಗೆ ಮೈಯೊಳಗೆ ಬಿಸಿ ಹುಟ್ಟುವುದಿಲ್ಲ. ಹೊರಗಿನ ಬಿಸಿ ಇಲ್ಲದೆ ತಿಂದದ್ದು ಕರಗುವುದಿಲ್ಲ, ಕೊಟ್ಟ ಮದ್ದೂ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಮೊದಲು ಕಾವು, ಆಮೇಲೆ ನೀರು, ಕೊನೆಗೆ ಆಹಾರ. ಗೂಡಿನ ಒಂದು ತುದಿಯಲ್ಲಿ 40 ಡಿಗ್ರಿ ಆಸುಪಾಸು, ಇನ್ನೊಂದು ತುದಿಯಲ್ಲಿ 25ರಿಂದ 28. ಯಾವುದು ಬೇಕೋ ಅದೇ ಆರಿಸಿಕೊಳ್ಳುತ್ತದೆ.

ಕ್ಯಾಲ್ಸಿಯಂ ದ್ರವವನ್ನು ಸೂಜಿ ತೆಗೆದ ಸಿರಿಂಜಿನಲ್ಲಿ ಕೊಡುವುದು. ಮೆತ್ತಗಾದ ದವಡೆಯನ್ನು ಬಲವಂತವಾಗಿ ಬಿಡಿಸಿದರೆ ಮುರಿದೇ ಹೋಗುತ್ತದೆ. ಮೂತಿಯ ತುದಿಗೆ ಒಂದು ಹನಿ ಇಟ್ಟು ಕಾಯಬೇಕು. ಮೊದಲು ಕಣ್ಣು ಅರ್ಧ ತೆರೆಯುತ್ತದೆ. ಸ್ವಲ್ಪ ಹೊತ್ತಿಗೆ ದಪ್ಪ ನಾಲಗೆ ಹೊರಗೆ ಬಂದು ಹನಿಯನ್ನು ಒರೆಸಿಕೊಂಡು ಒಳಗೆ ಹೋಗುತ್ತದೆ. ಆಗ ಇನ್ನೊಂದು ಹನಿ. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಇಳಿಯುವ ಭಯ. ಪ್ರಮಾಣ ತೂಕದ ಮೇಲೆ, ಅದೂ ಗ್ರಾಮಿನ ಲೆಕ್ಕ. ಮೆಡಿಕಲ್ ಅಂಗಡಿಯ ಮಕ್ಕಳ ಸಿರಪ್ಪನ್ನು ಅಂದಾಜಿಗೆ ಹಾಕಲೇಬಾರದು. ಡಿ3 ಮಿತಿ ಮೀರಿದರೆ ಮೂತ್ರಪಿಂಡದಲ್ಲೂ ರಕ್ತನಾಳಗಳಲ್ಲೂ ಕ್ಯಾಲ್ಸಿಯಂ ಕಟ್ಟಿಕೊಳ್ಳುತ್ತದೆ. ಎತ್ತುವಾಗ ಎದೆಗೂ ಸೊಂಟಕ್ಕೂ ಕೆಳಗಿನಿಂದ ಅಂಗೈ ಕೊಡಬೇಕು.

ತಿನ್ನಲು ಶುರುಮಾಡಿದ ಮೇಲೆ ನಮ್ಮ ಹಿತ್ತಿಲೇ ಒದಗಿತು. ಕ್ಯಾಲ್ಸಿಯಂ ತುಂಬಿದ ನುಗ್ಗೆಸೊಪ್ಪು ಸಣ್ಣಗೆ ಹೆಚ್ಚಿದ್ದು, ದಾಸವಾಳದ ಹೂ, ಒಂದಿಷ್ಟು ಸಿಹಿಗುಂಬಳ. ತುಳುನಾಡಿನ ಅಡುಗೆಮನೆಯ ಹೆಮ್ಮೆಯಾದ ಬಸಳೆ ಮಾತ್ರ ಬೇಡ. ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಹುಳಕ್ಕೆ ಮಿಡತೆ ಇದೆಯಲ್ಲ ಎನ್ನಬಹುದು. ನಮ್ಮದು ಶಂಕರಪುರ ಮಲ್ಲಿಗೆಯ ಸೀಮೆ. ಮದ್ದು ಹೊಡೆದ ಗಿಡದ ಮಿಡತೆಯಲ್ಲಿ ಆ ವಿಷವೂ ಇರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಮಿಂಚುಹುಳ. ಅಮೆರಿಕದಲ್ಲಿ ಮಿಂಚುಹುಳ ತಿಂದ ಬಿಯರ್ಡೆಡ್ ಡ್ರ್ಯಾಗನ್‌ಗಳು ಸತ್ತದ್ದು 1990ರ ದಶಕದಲ್ಲೇ ದಾಖಲಾಗಿದೆ, ಒಂದೇ ಹುಳ ಸಾಕು ಎನ್ನುತ್ತಾರೆ. ಕಾರ್ಕಳದ ಕಡೆ ಮಳೆಗೆ ಮುಂಚೆ ಮರಗಟ್ಟಲೆ ಮಿಂಚುವ ಹುಳುಗಳು ದೀಪ ನೋಡಿ ಮನೆಯೊಳಗೂ ಬರುತ್ತವೆ. ಕಿಟಕಿಗೆ ಬಲೆ ಹಾಕಿಸಿ.

ತೇವದಿಂದ ಬರುವ ಕಾಟ ಬೇರೆಯೇ. ಗೂಡು ಒದ್ದೆಯಾಗಿದ್ದರೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಚರ್ಮದ ಮೇಲೆ ಹಳದಿ ಹೊಪ್ಪಳಿಕೆ ಎದ್ದರೆ ಆಳಕ್ಕೆ ಇಳಿಯುವ ಶಿಲೀಂಧ್ರವಿರಬಹುದು, ಅದು ಮನೆಮದ್ದಿಗೆ ಬಗ್ಗುವಂಥದ್ದಲ್ಲ. ಗಾಳಿಮಳೆಗೆ ಕರೆಂಟು ಹೋದಾಗ ಬಿಸಿನೀರಿನ ಬಾಟಲಿಗೆ ಬೈರಾಸು ಸುತ್ತಿ ಪಕ್ಕದಲ್ಲಿಡುತ್ತೇವೆ. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯುವುದು ಕಡ್ಡಾಯ, ಏಕೆಂದರೆ ಆರೋಗ್ಯವಾಗಿರುವ ಓತಿಯ ಮಲದಲ್ಲೂ ಸಾಲ್ಮೊನೆಲ್ಲಾ ಇರಬಹುದು. 5 ವರ್ಷದೊಳಗಿನ ಮಕ್ಕಳನ್ನು ಹತ್ತಿರ ಬಿಡಬೇಡಿ, ಅದರ ಪಾತ್ರೆಯನ್ನು ಅಡುಗೆಮನೆಯಲ್ಲಿ ತೊಳೆಯಬೇಡಿ.

ಎಲ್ಲವೂ ಉಳಿಯುವುದಿಲ್ಲ. ಬೆನ್ನೆಲುಬು ಮುರಿದು ಹಿಂಗಾಲುಗಳ ಸ್ವಾಧೀನ ತಪ್ಪಿದ ಪ್ರಾಣಿ ನರಳುತ್ತಿದ್ದರೆ ನೋವಿಲ್ಲದ ಸಾವು ಕೊಡಿ ಎಂದು ಡಾಕ್ಟರನ್ನೇ ಕೇಳಬೇಕು. ಫ್ರೀಜರಿನಲ್ಲಿಟ್ಟರೆ ಮೆಲ್ಲಗೆ ನಿದ್ದೆ ಹೋಗುತ್ತದೆ ಎಂದು ಹೇಳುವವರಿದ್ದಾರೆ. ಅದು ಕ್ರೌರ್ಯ, ಯಾರೂ ಮಾಡಬಾರದು. ನಮ್ಮ ಹುಡುಗಿಗೂ ಆ ಮಾತನ್ನು ಮೊದಲೇ ಹೇಳಿಟ್ಟಿದ್ದೆ. ಅವಳು ಅತ್ತಳು, ಆದರೆ ಒಪ್ಪಿದಳು.

ಅದಕ್ಕೆ ಸಂದರ್ಭ ಬರಲಿಲ್ಲ. ಕಂಚುವಿನ ನಡುಕ ನಿಂತಿದೆ, ದವಡೆ ಗಟ್ಟಿಯಾಗುತ್ತಿದೆ. ಬಾಗಿದ ಹಿಂಗಾಲು ನೆಟ್ಟಗಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೆ ಹತ್ತುವ ಕೊಂಬೆ ತೆಗೆದು ಕಾರ್ಕಳದಿಂದ ಒಂದು ಕಗ್ಗಲ್ಲಿನ ಚಪ್ಪಡಿ ತಂದು ದೀಪದ ಕೆಳಗೆ ಹಾಕಿದ್ದೇವೆ. ದೀಪಾವಳಿ ಕಳೆದ ಮೇಲೆ ಇನ್ನೊಂದು ಎಕ್ಸ್‌ರೇ ಇದೆ.